‘ಇಲ್ಲ’ವೆನ್ನುವ ಅಧಿಕಾರ

ಒಂದು ವಸ್ತುವು ಇದೆಯೆಂದು ಹೇಳುವವನನ್ನು ‘ಎಲ್ಲಿ, ತೋರಿಸು’ ಎಂದು ಲೋಕವು ಕೇಳುವುದು. ಇಲ್ಲವೆಂದು ಹೇಳುವವನನ್ನು ಯಾರೂ ಏನನ್ನೂ ಕೇಳುವುದಿಲ್ಲ. ಆದಕಾರಣ ‘ಆ ಹುಡುಗನಲ್ಲಿ ಬುದ್ಧಿಯಿಲ್ಲ’, ‘ಆ ಸೊಸೆಯಲ್ಲಿ ತಾಳ್ಮೆಯಿಲ್ಲ’, ‘ಆ ಮನೆತನದಲ್ಲಿ ವಿದ್ಯೆಯ ಸಂಸ್ಕಾರವೇ ಇಲ್ಲ’ ಎಂಬ ಮಾತುಗಳು ಜಗಲಿಯ ಮೇಲೂ ಪಾಠಶಾಲೆಯಲ್ಲೂ ಕಚೇರಿಯಲ್ಲೂ ನಿರಾಯಾಸವಾಗಿ ಹೊರಡುತ್ತಿರುವುವು. ಆಡಿದವರು ಮರುದಿನವೇ ಅದನ್ನು ಮರೆಯುವರು. ಆಡಿಸಿಕೊಂಡವರು ಮಾತ್ರ ಅದನ್ನು ಜನ್ಮವಿಡೀ ಹೊತ್ತು ನಡೆಯುವರು. ಎಷ್ಟೋ ಮಕ್ಕಳ ಓದು ನಿಂತಿರುವುದೂ, ಎಷ್ಟೋ ಮಂದಿಯ ಮನಸ್ಸು ಮುರಿದಿರುವುದೂ ಈ ಎರಡಕ್ಷರದ ತೀರ್ಪಿನಿಂದಲೇ. ಆದುದರಿಂದ ಒಬ್ಬ ಮನುಷ್ಯನಲ್ಲಿ ಒಂದು ಶಕ್ತಿಯಾಗಲಿ ಗುಣವಾಗಲಿ ‘ಇಲ್ಲ’ವೆನ್ನುವುದಕ್ಕೆ ಮತ್ತೊಬ್ಬನಿಗೆ ಯಾವಾಗ ಅಧಿಕಾರವುಂಟಾಗುವುದು ಎಂಬ ಪ್ರಶ್ನೆಯು ವಿಚಾರಾರ್ಹವಾದುದು. ಬರಿಯ ತರ್ಕದ ಮಾತುಗಳಿಂದ ಇದನ್ನು ವಿಚಾರಿಸಿದರೆ ವಿಷಯವು ಶುಷ್ಕವಾದೀತು. ಆದಕಾರಣ ಇಲ್ಲಿ ಅತ್ಯಲ್ಪವಾದ ಒಂದು ಜೀವಿಯನ್ನು, ಎಂದರೆ ರೊಟ್ಟಿಯ ಹಿಟ್ಟನ್ನು ಉಬ್ಬಿಸುವ ಯೀಸ್ಟನ್ನು, ದೃಷ್ಟಾಂತವಾಗಿ ತೆಗೆದುಕೊಳ್ಳಲಾಗಿದೆ. ಆ ಜೀವಿಯು ಎಣ್ಣೆಯ ಅಂಶವನ್ನು ಉಂಡು ಬದುಕುವ ರೀತಿಯನ್ನು ಕುರಿತು ಈಚಿನ ಕೆಲವು ದಶಕಗಳಲ್ಲಿ ತಿಳಿದುಬಂದಿರುವ ಸಂಗತಿಗಳು ಮೇಲಿನ ಪ್ರಶ್ನೆಗೆ ಬಹಳ ಮಟ್ಟಿಗೆ ಬೆಳಕನ್ನು ಕೊಡುವುವು.

ಮೊದಲು ಶಾಸ್ತ್ರದ ಮಾತು. ‘ಇಲ್ಲ’ವೆಂಬ ಜ್ಞಾನವು ಹೇಗೆ ಹುಟ್ಟುವುದೆಂಬುದನ್ನು ಭಾರತೀಯ ದಾರ್ಶನಿಕರು ಸೂಕ್ಷ್ಮವಾಗಿ ಚರ್ಚಿಸಿರುವರು. ಭಾಟ್ಟಮೀಮಾಂಸಕರೂ ಅದ್ವೈತಿಗಳೂ ಇದಕ್ಕೋಸ್ಕರ ಅನುಪಲಬ್ಧಿಯೆಂಬ ಪ್ರತ್ಯೇಕ ಪ್ರಮಾಣವನ್ನೇ ಒಪ್ಪಿದರು. ನೈಯಾಯಿಕರು ಅದನ್ನು ಪ್ರತ್ಯಕ್ಷಕ್ಕೆ ಸಹಕಾರಿಯೆಂದು ಮಾತ್ರ ಎಣಿಸಿದರು. ಭೇದವೇನಿದ್ದರೂ ಒಂದು ಅಂಶದಲ್ಲಿ ಇವರಿಗೆ ಐಕಮತ್ಯವುಂಟು: ಕಾಣಲಿಲ್ಲವೆಂಬಷ್ಟರಿಂದಲೇ ಇಲ್ಲವೆಂದು ನಿಶ್ಚಯಿಸಲಾಗದು. ಬೆಳಕಿರುವ ಕೋಣೆಯ ನೆಲದ ಮೇಲೆ ಗಡಿಗೆಯು ಕಾಣದಿದ್ದರೆ ಗಡಿಗೆಯಿಲ್ಲವೆನ್ನಬಹುದು. ಕತ್ತಲೆಯ ಕೋಣೆಯಲ್ಲಿ ಕಾಣದಿದ್ದರೆ ಹಾಗೆನ್ನಲಾಗದು. ‘ಇದ್ದಿದ್ದರೆ ಈಗ ಕಾಣಲೇಬೇಕಾಗಿತ್ತು’ ಎಂದು ಎಲ್ಲಿ ತರ್ಕಿಸಬಹುದೋ ಅಲ್ಲಿ ಮಾತ್ರ ಕಾಣದಿರುವಿಕೆಯು ಇಲ್ಲದಿರುವಿಕೆಗೆ ಪ್ರಮಾಣವಾಗುವುದು. ಇದನ್ನೇ ಯೋಗ್ಯಾನುಪಲಬ್ಧಿಯೆಂದು ಕರೆದಿರುವರು. ಧರ್ಮರಾಜಾಧ್ವರೀಂದ್ರನು ತನ್ನ ವೇದಾಂತಪರಿಭಾಷೆಯಲ್ಲಿ ಇದಕ್ಕೆ ಕೊಟ್ಟಿರುವ ಉದಾಹರಣೆಯು ಗಮನಾರ್ಹವಾದುದು. ಧರ್ಮಾಧರ್ಮಗಳು ಕಣ್ಣಿಗೆ ಕಾಣತಕ್ಕವುಗಳಲ್ಲ. ಆದುದರಿಂದ ಅವು ಕಾಣಲಿಲ್ಲವೆಂದು ಅವುಗಳ ಅಭಾವವನ್ನು ನಿಶ್ಚಯಿಸುವುದಕ್ಕೆ ಬರುವುದಿಲ್ಲವೆಂಬುದು ಅವನ ಅಭಿಪ್ರಾಯ. ತರ್ಕದ ಈ ಸಣ್ಣ ನಿಯಮದಲ್ಲಿ ದೊಡ್ಡದೊಂದು ನೀತಿಯು ಅಡಗಿದೆ.

ಇನ್ನು ದೃಷ್ಟಾಂತಕ್ಕೆ ಬರೋಣ. ಹುದುಗು ಬರಿಸುವ ವಸ್ತುವಿಗೆ ಸಂಸ್ಕೃತದಲ್ಲಿ ಕಿಣ್ವವೆಂದು ಹೆಸರು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷನ ಕರ್ತವ್ಯಗಳನ್ನು ಹೇಳುವ ಪ್ರಕರಣದಲ್ಲಿ ಅದರ ಪ್ರಸ್ತಾಪವಿದೆ. ಕಿಣ್ವ ಮೊದಲಾದವುಗಳಿಂದ ಮದಶಕ್ತಿಯು ಹುಟ್ಟುವಂತೆ ಭೂತಗಳ ಸಂಯೋಗದಿಂದ ಚೈತನ್ಯವು ಹುಟ್ಟುವುದೆಂದು ಚಾರ್ವಾಕರು ವಾದಿಸಿದುದೂ ಪ್ರಸಿದ್ಧವಾಗಿದೆ. ಆ ಹುದುಗಿನಲ್ಲಿ ಕೆಲಸಮಾಡುವುದು ಬರಿಯ ಜಡದ್ರವ್ಯವಲ್ಲ, ಜೀವಂತವಾದ ಕೋಶಗಳು ಎಂಬುದನ್ನು 19ನೆಯ ಶತಮಾನದ ಮಧ್ಯಭಾಗದಲ್ಲಿ ಫ್ರಾನ್ಸಿನ ಲೂಯಿ ಪಾಶ್ಚರನು ದೃಢಪಡಿಸಿದನು. ಈಗ ಕನ್ನಡದ ವಿಜ್ಞಾನಗ್ರಂಥಗಳಲ್ಲಿ ಕಿಣ್ವವೆಂಬ ಪದವು ಎನ್‌ಜೈಮ್ ಎಂಬ ಅರ್ಥದಲ್ಲಿ ಬಳಕೆಗೆ ಬಂದಿದೆ. ಜೀವಕೋಶದೊಳಗಿನ ರಾಸಾಯನಿಕ ಕ್ರಿಯೆಗಳನ್ನು ನಡೆಸಿಕೊಡುವ ಪ್ರೋಟೀನುಗಳಿಗೆ ಆ ಹೆಸರು. ಇದು ಅನುಚಿತವಲ್ಲ, ಏಕೆಂದರೆ ಎನ್‌ಜೈಮ್ ಎಂಬ ಪಾಶ್ಚಾತ್ಯಪದಕ್ಕೂ ಗ್ರೀಕ್ ಮೂಲದಲ್ಲಿ ‘ಹುದುಗಿನೊಳಗಿರುವುದು’ ಎಂದೇ ಅರ್ಥ. ಮುಂದೆ ಈ ಲೇಖನದಲ್ಲಿ ಜೀವಿಗೆ ಯೀಸ್ಟ್ ಎಂದೂ, ಅದರೊಳಗಿನ ಕರ್ಮಕಾರಿ ಪ್ರೋಟೀನುಗಳಿಗೆ ಕಿಣ್ವಗಳೆಂದೂ ವ್ಯವಹರಿಸಲಾಗುವುದು.

ಯೀಸ್ಟಿನ ಒಂದು ಕೋಶವು ಒಂದು ಮಿಲಿಮೀಟರಿನ ಸುಮಾರು ಇನ್ನೂರನೆಯ ಒಂದು ಪಾಲಿನಷ್ಟು ಅಗಲವುಳ್ಳದ್ದು. ಇಷ್ಟು ಸಣ್ಣ ದೇಹದಲ್ಲಿ 16 ವರ್ಣತಂತುಗಳೂ, ಅವುಗಳ ಮೇಲೆ ಸುಮಾರು 6000 ವಂಶವಾಹಿಗಳೂ ಇರುವುವು. ವಂಶವಾಹಿಯೆಂದರೆ ಯಾವುದಾದರೊಂದು ಪ್ರೋಟೀನನ್ನು ಕಟ್ಟತಕ್ಕ ಕ್ರಮವನ್ನು ತಿಳಿಸುವ ಬರಹವೆಂದು ಸ್ಥೂಲವಾಗಿ ಹೇಳಬಹುದು. ಹಲವು ದೇಶಗಳ ಶಾಸ್ತ್ರಜ್ಞರು ಕೂಡಿ ದುಡಿದು ಈ ಬರಹವೆಲ್ಲವನ್ನೂ ಆದ್ಯಂತವಾಗಿ ಓದಿ ಮುಗಿಸಿದುದು 1996ರಲ್ಲಿ. ಕೋಶದೊಳಗೆ ಪ್ರತ್ಯೇಕವಾದ ಬೀಜಕೇಂದ್ರವುಳ್ಳ ಜೀವಿಗಳ ಪೈಕಿ ಹೀಗೆ ಪೂರ್ತಿಯಾಗಿ ಓದಲ್ಪಟ್ಟ ಮೊದಲನೆಯದು ಇದೇ.

ಯೀಸ್ಟಿಗೆ ಸಕ್ಕರೆಯೇ ಪರಮಪ್ರಿಯವಾದ ಆಹಾರ. ಸಕ್ಕರೆಯು ದೊರೆಯುವವರೆಗೂ ಅದು ಅದನ್ನೇ ಉಂಡು, ಮದ್ಯಸಾರವನ್ನೂ ಇಂಗಾಲದ ಡೈ ಆಕ್ಸೈಡನ್ನೂ ಹೊರಕ್ಕೆ ಬಿಡುವುದು. ಸಕ್ಕರೆಯು ತೀರಿದ ಮೇಲೆ ತಾನೇ ಮಾಡಿಟ್ಟ ಮದ್ಯಸಾರವನ್ನು ಉಣ್ಣತೊಡಗುವುದು. ಇದೂ ಇಲ್ಲದೆ, ಕೊಬ್ಬಿನ ಆಮ್ಲ ಅಥವಾ ಮೇದಾಮ್ಲವೊಂದೇ ಎದುರಿಗಿದ್ದರೆ ಅದನ್ನುಂಡು ಜೀವಿಸುವ ಸಾಮರ್ಥ್ಯವೂ ಅದಕ್ಕುಂಟು. ಪ್ರಯೋಗಶಾಲೆಗಳಲ್ಲಿ ಇದಕ್ಕಾಗಿ ಸಾಮಾನ್ಯವಾಗಿ ಬಳಸುವುದು ಓಲಿಯಿಕ್ ಆಮ್ಲವನ್ನು. ಕಡಲೆಕಾಯಿ ಎಣ್ಣೆಯಲ್ಲೂ ಎಳ್ಳೆಣ್ಣೆಯಲ್ಲೂ ಹೇರಳವಾಗಿರುವ ಈ ಆಮ್ಲದಲ್ಲಿ 18 ಇಂಗಾಲದ ಪರಮಾಣುಗಳು ಸರಪಣಿಯಂತೆ ಸೇರಿಕೊಂಡಿರುವುವು.

ಈ ಸರಪಣಿಯನ್ನು ಒಮ್ಮೆಗೇ ನುಂಗುವುದು ಸಾಧ್ಯವಿಲ್ಲ; ಒಂದು ತುದಿಯಿಂದ ಎರಡೆರಡು ಇಂಗಾಲಗಳನ್ನು ಕತ್ತರಿಸುತ್ತ ಬರಬೇಕು. ಪ್ರಾಣಿದೇಹದಲ್ಲಿ ಕೊಬ್ಬು ಹೀಗೆ ಎರಡೆರಡಾಗಿಯೇ ಕಡಿಯಲ್ಪಡುವುದೆಂದು ಜರ್ಮನಿಯ ಫ್ರಾಂಟ್ಸ್ ಕ್ನೂಪನು 1904ರಲ್ಲಿ ನಾಯಿಗಳ ಮೇಲೆ ಮಾಡಿದ ಪ್ರಯೋಗದಿಂದ ಊಹಿಸಿದ್ದನು. ಯೀಸ್ಟಿನಲ್ಲಿ ಈ ಕೆಲಸಕ್ಕೆ ಒಂದು ಪರಿವಾರವೇ ಇದೆ. ಮೊದಲು ಆಮ್ಲವನ್ನು ಕ್ರಿಯೆಗೆ ಅಣಿಮಾಡುವ ಕಿಣ್ವವು ಬರುವುದು. ಬಳಿಕ ಪಾಕ್ಸ್-ಒಂದು ಎಂಬ ವಂಶವಾಹಿಯಿಂದ ಹುಟ್ಟುವ ಕಿಣ್ವವು ಸರಪಣಿಯಿಂದ ಹೈಡ್ರೊಜನ್ನನ್ನು ಕಿತ್ತು ತೆಗೆಯುವುದು. ಫಾಕ್ಸ್-ಎರಡು ಎಂಬುದರ ಕಿಣ್ವವು ನಡುವಣ ಎರಡು ಹೆಜ್ಜೆಗಳನ್ನು ನಡೆಸುವುದು. ಪಾಟ್-ಒಂದು ಎಂಬುದರ ಕಿಣ್ವವು ಎರಡು ಇಂಗಾಲಗಳ ತುಂಡನ್ನು ಕತ್ತರಿಸಿ ಕೊಡುವುದು. ಹೀಗೆ ಎಂಟು ಸಲ ಸುತ್ತಿದರೆ 18 ಇಂಗಾಲಗಳ ಸರಪಣಿಯು ಒಂಬತ್ತು ತುಂಡುಗಳಾಗುವುದು. ಈ ನಡುವೆ ಹೈಡ್ರೊಜನ್ ಪೆರಾಕ್ಸೈಡ್ ಎಂಬ ವಿಷವು ಹುಟ್ಟುವುದು. ಅದನ್ನು ನೀರು ಮತ್ತು ಆಮ್ಲಜನಕವನ್ನಾಗಿ ಒಡೆದು ನಿರಪಾಯಗೊಳಿಸುವುದಕ್ಕೆ ಕ್ಯಾಟಲೇಸ್ ಎಂಬ ಮತ್ತೊಂದು ಕಿಣ್ವವಿದೆ. ಇದೆಲ್ಲವೂ ನಡೆಯುವುದು ಕೋಶದ ಬಯಲಿನಲ್ಲಲ್ಲ. ಪೆರಾಕ್ಸಿಸೋಮ್ ಎಂಬ, ತೆಳುಪೊರೆಯಿಂದ ಸುತ್ತುವರಿದ ಪ್ರತ್ಯೇಕವಾದ ಸಣ್ಣ ಕೋಣೆಗಳಲ್ಲಿ. ಮನುಷ್ಯನ ದೇಹದಲ್ಲಿ ಕೊಬ್ಬನ್ನು ಕಡಿಯುವ ಕೆಲಸದ ಬಹುಭಾಗವು ಮೈಟೊಕಾಂಡ್ರಿಯದಲ್ಲೂ, ಅತಿ ಉದ್ದವಾದ ಸರಪಣಿಗಳ ಕೆಲಸವು ಪೆರಾಕ್ಸಿಸೋಮಿನಲ್ಲೂ ನಡೆಯುವುದು. ಯೀಸ್ಟಿನಲ್ಲಾದರೋ ಎಲ್ಲವೂ ಪೆರಾಕ್ಸಿಸೋಮಿನಲ್ಲಿಯೇ.

ಈಗ ಪ್ರಕೃತಕ್ಕೆ ಮುಖ್ಯವಾದ ಅಂಶವನ್ನು ನೋಡಬೇಕು. ಸಕ್ಕರೆಯ ದ್ರವದಲ್ಲಿ ಬೆಳೆಯುತ್ತಿರುವ ಯೀಸ್ಟನ್ನು ತೆಗೆದು ಪರೀಕ್ಷಿಸಿದರೆ ಮೇಲೆ ಹೇಳಿದ ಪರಿವಾರದ ಸುಳಿವೇ ಬಹುಮಟ್ಟಿಗೆ ಕಾಣದು. ಪೆರಾಕ್ಸಿಸೋಮುಗಳು ಕೆಲವೇ, ಅವೂ ಅತ್ಯಂತ ಸಣ್ಣವು. ‘ಈ ಜೀವಿಗೆ ಎಣ್ಣೆಯನ್ನು ಜೀರ್ಣಿಸುವ ಶಕ್ತಿಯಿಲ್ಲ’ವೆಂದು ನೋಡಿದವನು ಹೇಳಿಬಿಡಬಹುದು. ಅದೇ ಯೀಸ್ಟನ್ನು ಓಲಿಯಿಕ್ ಆಮ್ಲವಿರುವ ದ್ರವಕ್ಕೆ ವರ್ಗಾಯಿಸಿದರೆ ಕೆಲವು ಗಂಟೆಗಳಲ್ಲಿ ಆ ಕಿಣ್ವಗಳೆಲ್ಲವೂ ಹೇರಳವಾಗಿ ಹುಟ್ಟುವುವು. ಪೆರಾಕ್ಸಿಸೋಮುಗಳು ಸಂಖ್ಯೆಯಲ್ಲೂ ಗಾತ್ರದಲ್ಲೂ ಹೆಚ್ಚುವುವು. ನೆದರ್ಲೆಂಡ್ಸಿನ ಶಾಸ್ತ್ರಜ್ಞರು ಇದನ್ನು 1987ರಲ್ಲಿ ಪ್ರಕಟಿಸಿದರು. ಹಾಗಾದರೆ ಮೊದಲು ಆ ಶಕ್ತಿಯು ಇರಲಿಲ್ಲವೆ? ಇದ್ದಿತು, ಆದರೆ ಮುಚ್ಚಿದ ಪುಸ್ತಕದಂತೆ ಇದ್ದಿತು.

ಆ ಪುಸ್ತಕವು ತೆರೆಯುವುದಕ್ಕೆ ಎರಡು ಕಾರಣಗಳು ಕೂಡಬೇಕು. ಸಕ್ಕರೆಯಿರುವವರೆಗೂ ಕೋಶದಲ್ಲಿರುವ ಒಂದು ಏರ್ಪಾಡು ಈ ವಂಶವಾಹಿಗಳನ್ನು ತಡೆದಿಡುವುದು. ಸಕ್ಕರೆಯ ಜೊತೆಗೆ ಎಣ್ಣೆಯ ಆಮ್ಲವನ್ನೂ ಇಟ್ಟರೆ ತಡೆಯೇ ಗೆಲ್ಲುವುದು. ಸಕ್ಕರೆಯನ್ನು ತೆಗೆದು ಗ್ಲಿಸರಾಲಿನಂತಹ ಬೇರೊಂದು ಆಹಾರವನ್ನು ಮಾತ್ರ ಕೊಟ್ಟರೆ ತಡೆಯು ಸಡಿಲವಾಗಿ ಸ್ವಲ್ಪಮಟ್ಟಿಗೆ ಕಿಣ್ವಗಳು ಹುಟ್ಟುವುವು. ಪೂರ್ಣವಾಗಿ ಹುಟ್ಟಬೇಕಾದರೆ ಸಕ್ಕರೆಯು ಹೋಗಬೇಕು, ಮೇದಾಮ್ಲವೂ ಬರಬೇಕು. ಆಮ್ಲವು ಬಂದಾಗ ಓಫ್-ಒಂದು ಎಂಬ ಪ್ರೋಟೀನು ಅದನ್ನು ತಾನೇ ಹಿಡಿದು ಗುರುತಿಸಿ, ಪಿಪ್-ಎರಡು ಎಂಬ ಜೊತೆಗಾರನೊಡನೆ ಕೂಡಿ, ಆ ವಂಶವಾಹಿಗಳ ಬಾಗಿಲಲ್ಲಿ ಕುಳಿತು ಅವುಗಳನ್ನು ಎಬ್ಬಿಸುವುದು.

ಇದನ್ನು ಓದಿದ ಸಂಸ್ಕೃತಜ್ಞರಿಗೆ ಬೆಂಕಿ ಮತ್ತು ಮಣಿಯ ಹಳೆಯ ವಾದವು ನೆನಪಿಗೆ ಬಾರದಿರದು. ಒಂದು ವಿಶೇಷವಾದ ಮಣಿಯು ಸಮೀಪದಲ್ಲಿದ್ದರೆ ಬೆಂಕಿಯು ಸುಡುವುದಿಲ್ಲವೆಂಬ ನಂಬಿಕೆಯನ್ನು ಹಿಡಿದುಕೊಂಡು ಶಾಸ್ತ್ರಕಾರರು ಚರ್ಚಿಸಿದರು. ಬೆಂಕಿಯಲ್ಲಿ ದಾಹಶಕ್ತಿಯೆಂಬ ಬೇರೊಂದು ಪದಾರ್ಥವುಂಟು, ಮಣಿಯು ಅದನ್ನು ಕೆಡಿಸುವುದು ಎಂದು ಮೀಮಾಂಸಕರು ಹೇಳಿದರು. ಶಕ್ತಿಯೆಂಬ ಬೇರೆ ಪದಾರ್ಥವು ಬೇಡ, ಪ್ರತಿಬಂಧಕವಿಲ್ಲದಿರುವುದೂ ಒಂದು ಕಾರಣವೆಂದರೆ ಸಾಕು ಎಂದು ನೈಯಾಯಿಕರು ಹೇಳಿದರು. ಯೀಸ್ಟಿನ ವಿಷಯದಲ್ಲಿ ಸಕ್ಕರೆಯೇ ಆ ಮಣಿ. ಇಲ್ಲಿ ಇಬ್ಬರ ಮಾತಿಗೂ ಎಡೆಯುಂಟು: ಶಕ್ತಿಯು ಬರಹದ ರೂಪದಲ್ಲಿ ಒಳಗೆ ನಿಜವಾಗಿಯೂ ಇದೆ, ಮಣಿಯು ಅದನ್ನು ಕೆಡಿಸುವುದೂ ಇಲ್ಲ; ಅದು ಕಾರ್ಯವಾಗಬೇಕಾದರೆ ಪ್ರತಿಬಂಧಕವು ತೊಲಗಬೇಕು, ಸಹಕಾರಿಯು ಬರಬೇಕು. ಇವುಗಳ ಜೊತೆಗೆ ಕಾಲವೂ ಬೇಕು. ವರ್ಗಾಯಿಸಿದ ಮೊದಲ ಗಳಿಗೆಯಲ್ಲಿಯೇ ನೋಡಿ ‘ಇನ್ನೂ ಏನೂ ಆಗಲಿಲ್ಲ’ವೆಂದು ಎದ್ದುಹೋಗುವ ಪರೀಕ್ಷಕನು ಬೆಳಕಿನಲ್ಲಿ ನೋಡಿಯೂ ಕತ್ತಲೆಯಲ್ಲಿ ನೋಡಿದವನಂತೆಯೇ ಆಗುವನು.

ಇಷ್ಟರಿಂದ ಕಾಣದುದೆಲ್ಲವೂ ಒಳಗೆ ಇದ್ದೇ ಇರುವುದೆಂದು ಭಾವಿಸಿದರೆ ಅದೂ ತಪ್ಪಾಗುವುದು. ಪಾಕ್ಸ್-ಒಂದು ವಂಶವಾಹಿಯನ್ನು ಕಳೆದುಕೊಂಡ ಯೀಸ್ಟಿನ ತಳಿಯಿದೆ. ಸಕ್ಕರೆಯ ತಟ್ಟೆಯಲ್ಲಿ ಅದು ತನ್ನ ಸೋದರರಷ್ಟೇ ಸೊಗಸಾಗಿ ಬೆಳೆಯುವುದು. ಎರಡಕ್ಕೂ ಇರುವ ಭೇದವನ್ನು ಅಲ್ಲಿ ಯಾವ ಕಣ್ಣೂ ಗುರುತಿಸಲಾರದು. ಓಲಿಯಿಕ್ ಆಮ್ಲದ ತಟ್ಟೆಯಲ್ಲಿಟ್ಟಾಗ ಮಾತ್ರ ಭೇದವು ಬೆಳಕಿಗೆ ಬರುವುದು. ಆಮ್ಲದಿಂದ ಮಬ್ಬಾಗಿರುವ ತಟ್ಟೆಯಲ್ಲಿ ಶಕ್ತಿಯುಳ್ಳ ಯೀಸ್ಟಿನ ಸುತ್ತ, ಆಮ್ಲವು ಉಣ್ಣಲ್ಪಟ್ಟ ಕಡೆ, ತಿಳಿಯಾದ ಒಂದು ವಲಯವು ಏರ್ಪಡುವುದು. ಶಕ್ತಿಯಿಲ್ಲದುದರ ಸುತ್ತ ಮಬ್ಬು ಮಬ್ಬಾಗಿಯೇ ಉಳಿಯುವುದು. ಎಷ್ಟು ದಿನ ಕಾದರೂ ಅಲ್ಲಿ ತಿಳಿಯಾಗದು. ಅಲ್ಲಿ ‘ಇಲ್ಲ’ವೆನ್ನುವುದು ನ್ಯಾಯವಾದ ಮಾತು, ಏಕೆಂದರೆ ಇದ್ದಿದ್ದರೆ ಅಲ್ಲಿ ಕಾಣಲೇಬೇಕಾಗಿತ್ತು. ಆದುದರಿಂದ ಸಕ್ಕರೆಯ ತಟ್ಟೆಯು ಇದ್ದವನನ್ನೂ ಇಲ್ಲದವನನ್ನೂ ಒಂದೇ ಬಣ್ಣದಿಂದ ತೋರಿಸುವ ಕತ್ತಲೆ. ಅಲ್ಲಿ ‘ಇಲ್ಲ’ವೆನ್ನುವುದಕ್ಕೂ ಅಧಿಕಾರವಿಲ್ಲ, ‘ಇದೆ’ಯೆನ್ನುವುದಕ್ಕೂ ಅಧಿಕಾರವಿಲ್ಲ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬೇಕಾಗಿದೆ. 1989ರಲ್ಲಿ ಜರ್ಮನಿಯ ಬೋಖುಮ್ ವಿಶ್ವವಿದ್ಯಾಲಯದ ರಾಲ್ಫ್ ಎರ್ಡ್‌ಮನ್, ವೋಲ್ಫ್ ಕೂನೌ ಎಂಬುವರೂ ಅವರ ಸಂಗಡಿಗರೂ ಓಲಿಯಿಕ್ ಆಮ್ಲವನ್ನು ಉಣ್ಣಲಾರದ ಯೀಸ್ಟಿನ ತಳಿಗಳನ್ನು ಹುಡುಕಿ ಬೇರ್ಪಡಿಸಿದರು. ಹೊರಗಿನ ನೋಟಕ್ಕೆ ಅವುಗಳ ಸ್ಥಿತಿಯು ಒಂದೇ: ಸಕ್ಕರೆಯಲ್ಲಿ ಬೆಳೆಯುವುವು, ಆಮ್ಲದಲ್ಲಿ ಬೆಳೆಯವು. ಒಳಹೊಕ್ಕು ನೋಡಿದಾಗ ಕಾರಣಗಳು ಬೇರೆಬೇರೆಯಾಗಿದ್ದುವು. ಕೆಲವಕ್ಕೆ ಯಾವುದೋ ಒಂದು ಕಿಣ್ವವೇ ಇರಲಿಲ್ಲ. ಮತ್ತೆ ಕೆಲವಕ್ಕೆ ಕಿಣ್ವಗಳೆಲ್ಲವೂ ಇದ್ದುವು. ಅವು ಸೇರತಕ್ಕ ಪೆರಾಕ್ಸಿಸೋಮ್ ಎಂಬ ಮನೆಯೇ ಇರಲಿಲ್ಲ. ಮನೆಯಿಲ್ಲದ ಕಿಣ್ವಗಳು ಕೋಶದ ಬಯಲಿನಲ್ಲಿ ಚದರಿಹೋಗಿ, ಇದ್ದೂ ಪ್ರಯೋಜನಕ್ಕೆ ಬಾರದೆ ಇದ್ದುವು. ಇವಲ್ಲದೆ, ಕಿಣ್ವಗಳ ವಂಶವಾಹಿಯೂ ಮನೆಯ ವಂಶವಾಹಿಯೂ ನೆಟ್ಟಗಿದ್ದು, ಎಬ್ಬಿಸುವ ಓಫ್-ಒಂದು ಎಂಬ ದೂತನು ಮಾತ್ರ ಇಲ್ಲದುದರಿಂದ ಆಮ್ಲದಲ್ಲಿ ಸರಿಯಾಗಿ ಬೆಳೆಯಲಾರದ ತಳಿಯೂ ಉಂಟೆಂದು ಬೇರೆ ಪ್ರಯೋಗಗಳಿಂದ ತಿಳಿದಿದೆ. ಉಪಕರಣವಿಲ್ಲದವನು, ನೆಲೆಯಿಲ್ಲದವನು, ಕರೆಯುವವರಿಲ್ಲದವನು—ಈ ಮೂವರೂ ಹೊರಗಿನವನ ಕಣ್ಣಿಗೆ ಒಂದೇ ಬಗೆಯಾಗಿ ‘ಶಕ್ತಿಯಿಲ್ಲದವರು’. ಆದರೆ ಒಬ್ಬನಿಗೆ ಉಪಕರಣವನ್ನು ಕೊಟ್ಟರೆ ಸಾಕು, ಮತ್ತೊಬ್ಬನಿಗೆ ನೆಲೆಯನ್ನು ಒದಗಿಸಬೇಕು, ಇನ್ನೊಬ್ಬನನ್ನು ಕರೆದರಾಯಿತು. ‘ಇಲ್ಲ’ವೆಂದು ಹೇಳಿ ನಿಂತುಬಿಟ್ಟವನಿಗೆ ಈ ಭೇದವು ಎಂದಿಗೂ ತಿಳಿಯದು.

ನೈಯಾಯಿಕರು ಅಭಾವಕ್ಕೆ ಪ್ರತಿಯೋಗಿ, ಅಧಿಕರಣ ಎಂಬ ಎರಡನ್ನು ಹೇಳುವರು. ಏನು ಇಲ್ಲ, ಎಲ್ಲಿ ಇಲ್ಲ ಎಂಬುದನ್ನು ಹೇಳದೆ ಬರಿದೇ ‘ಇಲ್ಲ’ವೆಂದರೆ ಆ ಮಾತಿಗೆ ಅರ್ಥವೇ ಆಗದು. ಮೇಲಿನ ಮೂರು ತಳಿಗಳಲ್ಲಿ ಪ್ರತಿಯೋಗಿಯು ಬೇರೆಬೇರೆ. ಮನುಷ್ಯರನ್ನು ಕುರಿತು ಹೇಳುವಾಗ ಮಾತ್ರ ಈ ವಿವೇಕವು ಮರೆತುಹೋಗುವುದು.

ಯೀಸ್ಟಿನ ವಂಶವಾಹಿಗಳನ್ನು ಓದಿ ಮುಗಿಸಿದ ಮೇಲೆ ಶಾಸ್ತ್ರಜ್ಞರು ಅವುಗಳನ್ನು ಒಂದೊಂದಾಗಿ ತೆಗೆದುಹಾಕಿ ಪರೀಕ್ಷಿಸಿದರು. 2002ರ ವೇಳೆಗೆ ಈ ಕಾರ್ಯವು ಹೆಚ್ಚುಕಡಿಮೆ ಪೂರೈಸಿತು. ಸಕ್ಕರೆಯು ಸಮೃದ್ಧವಾಗಿರುವ ಆಹಾರದಲ್ಲಿ ಕೋಶದ ಪ್ರಾಣಕ್ಕೆ ಅತ್ಯಾವಶ್ಯಕವಾಗಿದ್ದ ವಂಶವಾಹಿಗಳು ಐದರಲ್ಲಿ ಒಂದು ಪಾಲಿನಷ್ಟು ಮಾತ್ರ. ಉಳಿದ ನಾಲ್ಕು ಪಾಲನ್ನು ಒಂದೊಂದಾಗಿ ತೆಗೆದರೂ ಕೋಶವು ಬದುಕಿದ್ದಿತು. ಇಷ್ಟಕ್ಕೇ ನಿಂತಿದ್ದರೆ ಆ ನಾಲ್ಕು ಪಾಲು ಇದ್ದರೂ ಒಂದೇ, ಹೋದರೂ ಒಂದೇ ಎಂಬ ತೀರ್ಪು ಹೊರಡುತ್ತಿದ್ದಿತು. ಆದರೆ ಸಾವಿರಕ್ಕಿಂತ ಹೆಚ್ಚಾದ ಪರೀಕ್ಷೆಗಳಲ್ಲಿ ಬಗೆಬಗೆಯ ಔಷಧಗಳನ್ನೂ ಕಷ್ಟಗಳನ್ನೂ ಒಡ್ಡಿ ನೋಡಿದವರು 2008ರಲ್ಲಿ ಪ್ರಕಟಿಸಿದ ಫಲಿತಾಂಶವು ಬೇರೆಯಾಗಿದ್ದಿತು. ಶೇಕಡ 97ರಷ್ಟು ವಂಶವಾಹಿಗಳ ಲೋಪವು ಯಾವುದಾದರೊಂದು ಸನ್ನಿವೇಶದಲ್ಲಿ ಬೆಳವಣಿಗೆಯ ಮೇಲೆ ತನ್ನ ಗುರುತನ್ನು ತೋರಿಸಿತು. ನಿರುಪಯೋಗಿಗಳೆಂದು ತೋರಿದವುಗಳೆಲ್ಲವೂ ಪ್ರಾಯಶಃ ತಂತಮ್ಮ ದಿನಕ್ಕಾಗಿ ಕಾದಿದ್ದವುಗಳೇ. ಅವು ನಿರುಪಯೋಗಿಗಳಾಗಿದ್ದುದು ಪರೀಕ್ಷಕನ ತಟ್ಟೆಯಲ್ಲಿ ಮಾತ್ರ.

ಈ ವಿಚಾರವು ಕೇವಲ ಕುತೂಹಲದ್ದಲ್ಲವೆಂಬುದಕ್ಕೆ ಮನುಷ್ಯಲೋಕದಿಂದಲೇ ಒಂದು ಸಾಕ್ಷಿಯುಂಟು. 1964ರಲ್ಲಿ ಅಮೆರಿಕದಲ್ಲಿ ಹಾನ್ಸ್ ಝೆಲ್ವೆಗರನೇ ಮೊದಲಾದ ವೈದ್ಯರು ಕೆಲವು ಶಿಶುಗಳ ಒಂದು ಘೋರವಾದ ರೋಗವನ್ನು ವರ್ಣಿಸಿದರು. ಶಿಶುವು ಹುಟ್ಟುವಾಗಲೇ ಸ್ನಾಯುಗಳಲ್ಲಿ ಬಲವಿಲ್ಲ, ಮೊಲೆಯುಣ್ಣುವ ಚೈತನ್ಯವಿಲ್ಲ. ಯಕೃತ್ತು, ಮೂತ್ರಪಿಂಡ, ಮಿದುಳು ಎಲ್ಲವೂ ಕೆಟ್ಟಿರುವುವು. ಅಂತಹ ಶಿಶುಗಳಲ್ಲಿ ಬಹುಪಾಲು ಒಂದು ವರ್ಷವನ್ನೂ ಕಾಣವು. ಈ ರೋಗಿಗಳ ಕೋಶಗಳಲ್ಲಿ ಪೆರಾಕ್ಸಿಸೋಮುಗಳು ಕಾಣಬರುವುದಿಲ್ಲವೆಂದು 1973ರಲ್ಲಿ ತಿಳಿಯಿತು. ಏತಕ್ಕೆ ಇಲ್ಲವೆಂಬುದು ತಿಳಿಯಲಿಲ್ಲ. ಮುಂದೆ ಯೀಸ್ಟಿನಲ್ಲಿ ಪೆರಾಕ್ಸಿಸೋಮನ್ನು ಕಟ್ಟುವ ವಂಶವಾಹಿಗಳು ಒಂದೊಂದಾಗಿ ಸಿಕ್ಕಿದುವು. ಅವುಗಳನ್ನು ಹೋಲುವ ವಂಶವಾಹಿಗಳನ್ನು ಮನುಷ್ಯನಲ್ಲಿ ಹುಡುಕಿದರು. ಪೆಕ್ಸ್-ಒಂದು ಎಂಬುದು ಹಾಗೆ 1997ರಲ್ಲಿ ಮನುಷ್ಯನಲ್ಲಿ ಗುರುತಿಸಲ್ಪಟ್ಟಿತು. ಈ ಜಾತಿಯ ರೋಗವುಳ್ಳ ಕುಟುಂಬಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ದೋಷವಿರುವುದು ಈ ಒಂದರಲ್ಲಿಯೇ. ಎಣ್ಣೆಯನ್ನುಂಡು ಬೆಳೆಯಲಾರದ ಯೀಸ್ಟಿನ ಚುಕ್ಕೆಯೊಂದು ಮಡಿಲಲ್ಲಿ ಬಾಡಿಹೋಗುವ ಶಿಶುವಿನ ರೋಗಕ್ಕೆ ಕಾರಣವನ್ನು ತಿಳಿಸಿಕೊಟ್ಟಿತು. ರೋಗವನ್ನು ಬೇರುಸಹಿತ ಕೀಳುವ ಔಷಧವು ಇನ್ನೂ ದೊರೆತಿಲ್ಲ. ಆದರೆ ಕಾರಣವು ತಿಳಿದುದರಿಂದ ಕುಟುಂಬಗಳಿಗೆ ಮುಂದಿನ ಗರ್ಭದ ವಿಷಯದಲ್ಲಿ ತಿಳಿವಳಿಕೆಯನ್ನು ಹೇಳುವುದು ಸಾಧ್ಯವಾಗಿದೆ.

ಅಂತಹ ಶಿಶುವಿನ ತಂದೆತಾಯಿಗಳಿಬ್ಬರೂ ಆರೋಗ್ಯವಂತರು. ಪ್ರತಿಯೊಬ್ಬರಲ್ಲೂ ಆ ವಂಶವಾಹಿಯ ಎರಡು ಪ್ರತಿಗಳಲ್ಲಿ ಒಂದು ಕೆಟ್ಟು ಒಂದು ನೆಟ್ಟಗಿರುವುದು. ನೆಟ್ಟಗಿರುವ ಒಂದೇ ಸಾಕಾಗಿ ಅವರಿಗೆ ಏನೂ ತಿಳಿಯದು. ಎರಡು ಕೆಟ್ಟ ಪ್ರತಿಗಳೂ ಒಂದು ಮಗುವಿನಲ್ಲಿ ಕೂಡುವ ಸಂಭವವು ಪ್ರತಿಯೊಂದು ಗರ್ಭದಲ್ಲೂ ನಾಲ್ಕರಲ್ಲಿ ಒಂದು. ಇದರಲ್ಲಿ ಯಾರ ನಡತೆಯ ದೋಷವೂ ಇಲ್ಲ. ಇಂತಹ ಮಗುವನ್ನು ಹೆತ್ತ ತಾಯಿಯ ಮುಂದೆ ‘ಏನು ಪಾಪ ಮಾಡಿದ್ದಳೋ’ ಎಂದು ನೆರೆಹೊರೆಯವರು ಆಡುವುದುಂಟು. ಆ ತಾಯಿಯಲ್ಲಿ ಪುಣ್ಯವಿಲ್ಲವೆಂದು ಹೇಳಿದವರು ಯಾವ ಬೆಳಕಿನಲ್ಲಿ ಅದನ್ನು ನೋಡಿದರು? ಧರ್ಮಾಧರ್ಮಗಳ ಅಭಾವವನ್ನು ಕಣ್ಣಿಂದ ನಿಶ್ಚಯಿಸಲಾಗದೆಂದು ಶಾಸ್ತ್ರವೇ ಹೇಳಿರುವಾಗ, ಶಾಸ್ತ್ರದ ಹೆಸರಿನಲ್ಲಿ ಹೀಗೆ ಆಡುವುದು ಶಾಸ್ತ್ರಕ್ಕೂ ಅಪಚಾರ, ದುಃಖದಲ್ಲಿರುವವಳಿಗೂ ಹಿಂಸೆ.

ಈಗ ಮೊದಲನೆಯ ಪ್ರಶ್ನೆಗೆ ಹಿಂದಿರುಗಬಹುದು. ಬೆಳಗಿನ ಊಟವಿಲ್ಲದೆ ಮೂರು ಮೈಲಿ ನಡೆದು ಬಂದು, ಮನೆಯಲ್ಲಿ ಪುಸ್ತಕವನ್ನು ಬಿಚ್ಚುವುದಕ್ಕೆ ಒಂದು ಮೂಲೆಯೂ ಇಲ್ಲದ ಹುಡುಗನು ಲೆಕ್ಕವನ್ನು ತಪ್ಪಿದರೆ ‘ಬುದ್ಧಿಯಿಲ್ಲ’ವೆನ್ನುವ ಪರೀಕ್ಷಕನು ಪ್ರತಿಬಂಧಕವನ್ನು ನೋಡಿ ಶಕ್ತಿಯ ಅಭಾವವನ್ನು ಹೇಳಿದವನಾಗುವನು. ಒಂದು ದಿನವೂ ತಂಬೂರಿಯನ್ನು ಮುಟ್ಟಗೊಡದೆ ಬೆಳೆಸಿದ ಹೆಣ್ಣುಮಗಳಿಗೆ ‘ಸಂಗೀತದ ಗಂಧವಿಲ್ಲ’ವೆನ್ನುವುದೂ ಹೀಗೆಯೇ. ಇವೆರಡಕ್ಕಿಂತಲೂ ಹೆಚ್ಚಾದ ದೋಷವು ಮತ್ತೊಂದಿದೆ. ಈ ದೇಶದಲ್ಲಿ ಸ್ತ್ರೀಯರಿಗೂ ಎಷ್ಟೋ ಜಾತಿಗಳವರಿಗೂ ಅಕ್ಷರವನ್ನೇ ನಿರಾಕರಿಸಿ, ಬಳಿಕ ಅವರಲ್ಲಿ ವಿದ್ಯೆಯ ಸಂಸ್ಕಾರವಿಲ್ಲವೆಂದು ಪಂಡಿತರು ಶತಮಾನಗಳವರೆಗೆ ಹೇಳುತ್ತ ಬಂದರು. ದೀಪವನ್ನು ತಾನೇ ಆರಿಸಿ, ಗಡಿಗೆಯಿಲ್ಲವೆಂದು ಸಾಕ್ಷಿ ನುಡಿಯುವವನಿಗೂ ಇವರಿಗೂ ಏನು ಭೇದ? ಬೇರೆಯವರು ಕತ್ತಲೆಯಲ್ಲಿ ನೋಡಿ ತಪ್ಪಿದರೆ ಅದು ಅಜ್ಞಾನ, ಇದಾದರೋ ಅನ್ಯಾಯ.

ಇಲ್ಲಿ ಕೆಲವರು ಆಕ್ಷೇಪಿಸಬಹುದು. ಹೀಗೆಂದರೆ ದುಷ್ಟನೂ ಸೋಮಾರಿಯೂ ‘ಗುಣವು ಒಳಗಿದೆ, ಸನ್ನಿವೇಶವು ಒದಗಲಿಲ್ಲ’ವೆಂದು ತಪ್ಪಿಸಿಕೊಳ್ಳುವರಲ್ಲವೆ ಎಂದು. ಅದಕ್ಕೆ ಸಮಾಧಾನವೇನೆಂದರೆ—ಯೀಸ್ಟಿಗೆ ತನ್ನ ತಟ್ಟೆಯನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವಿಲ್ಲ. ತನ್ನಲ್ಲಿ ಏನಿದೆಯೆಂಬ ಅರಿವೂ ಇಲ್ಲ. ಮನುಷ್ಯನಿಗೆ ಎರಡೂ ಸ್ವಲ್ಪಮ್ಮಟ್ಟಿಗಾದರೂ ಉಂಟು. ದೃಷ್ಟಾಂತವು ಎಲ್ಲ ಅಂಶಗಳಲ್ಲಿಯೂ ದಾರ್ಷ್ಟಾಂತಿಕವನ್ನು ಹೋಲಬೇಕಾಗಿಲ್ಲ. ಅಲ್ಲದೆ ಮೇಲಿನ ನಿಯಮಕ್ಕೆ ಎರಡು ಮುಖಗಳಿರುವುವು. ಪರರ ವಿಷಯದಲ್ಲಿ ಅದು ‘ಇಲ್ಲ’ವೆನ್ನುವುದಕ್ಕೆ ಅವಸರಪಡಬೇಡವೆಂದು ತಡೆಯುವುದು, ತನ್ನ ವಿಷಯದಲ್ಲಿ ‘ಇದೆ’ಯೆನ್ನುವುದಕ್ಕೆ ಅವಸರಪಡಬೇಡವೆಂದು ತಡೆಯುವುದು. ಯಾರೂ ಲಂಚವನ್ನು ನೀಡಲು ಬಾರದ ಹುದ್ದೆಯಲ್ಲಿ ಮೂವತ್ತು ವರ್ಷ ಕುಳಿತವನು ತನ್ನನ್ನು ಪ್ರಾಮಾಣಿಕನೆಂದು ಹೊಗಳಿಕೊಂಡರೆ ಅವನು ಸಕ್ಕರೆಯ ತಟ್ಟೆಯಲ್ಲಿ ಬೆಳೆದ ಯೀಸ್ಟಿನಂತೆ. ಪ್ರಾಮಾಣಿಕನಾಗಿರಬಹುದು, ಆಗಿರದೆಯೂ ಇರಬಹುದು. ಅವನ ಮೂವತ್ತು ವರ್ಷಗಳು ಎರಡಕ್ಕೂ ಪ್ರಮಾಣವಲ್ಲ. ಹೀಗಿರಲು ಈ ನಿಯಮವನ್ನು ತನ್ನ ಸೋಮಾರಿತನಕ್ಕೆ ಹೊದಿಕೆಯಾಗಿ ಮಾಡಿಕೊಳ್ಳುವವನು ಅದರ ಒಂದೇ ಮುಖವನ್ನು ಓದಿದವನು.

ಮತ್ತೊಂದು ಆಕ್ಷೇಪವು ವ್ಯವಹಾರದ್ದು. ನ್ಯಾಯಾಧೀಶನೂ ಉಪಾಧ್ಯಾಯನೂ ಕೆಲಸಕ್ಕೆ ಜನರನ್ನು ಆರಿಸುವವನೂ ಎಲ್ಲ ಸನ್ನಿವೇಶಗಳಲ್ಲಿಯೂ ಪ್ರತಿಯೊಬ್ಬನನ್ನೂ ಪರೀಕ್ಷಿಸುತ್ತ ಕುಳಿತರೆ ಲೋಕವು ನಡೆಯುವುದು ಹೇಗೆ? ಇದು ಸತ್ಯವಾದ ತೊಡಕು; ನಿರ್ಣಯವನ್ನು ಮಾಡಲೇಬೇಕಾಗುವುದು. ಆದರೆ ಕಾರ್ಯದ ನಿರ್ಣಯವು ಬೇರೆ, ಸ್ವರೂಪದ ತೀರ್ಪು ಬೇರೆ. ‘ಈ ವರ್ಷ ಈತನನ್ನು ಮೇಲಿನ ತರಗತಿಗೆ ಕಳುಹಿಸಲಾಗದು’ ಎಂಬುದು ಮೊದಲನೆಯದು. ‘ಈತನ ತಲೆಯಲ್ಲಿ ಏನೂ ಇಲ್ಲ’ ಎಂಬುದು ಎರಡನೆಯದು. ಮೊದಲನೆಯದಕ್ಕೆ ಆ ದಿನದ ಪರೀಕ್ಷೆಯು ಸಾಕು. ಎರಡನೆಯದಕ್ಕೆ ಬೇಕಾದ ಪ್ರಮಾಣವು ಯಾವ ಉಪಾಧ್ಯಾಯನ ಕೈಯಲ್ಲೂ ಇರುವುದಿಲ್ಲ. ವ್ಯವಹಾರಕ್ಕೆ ಮೊದಲನೆಯದು ಸಾಕಾಗಿರುವಾಗ ಎರಡನೆಯದನ್ನು ಆಡುವ ಆವಶ್ಯಕತೆಯಾದರೂ ಏನು?

ಕೊನೆಯದಾಗಿ, ಎಲ್ಲ ಸನ್ನಿವೇಶವನ್ನೂ ಒದಗಿಸಿ, ಕಾಲವನ್ನೂ ಕೊಟ್ಟು, ಉಪಕರಣ, ನೆಲೆ, ಕರೆ ಮೂರನ್ನೂ ವಿಚಾರಿಸಿದ ಮೇಲೆಯೂ ಒಬ್ಬನಲ್ಲಿ ಒಂದು ಶಕ್ತಿಯು ಇಲ್ಲವೆಂದು ನಿಜವಾಗಿ ತಿಳಿದುಬರಬಹುದು. ಆಗ ಇದೆಯೆಂದು ಹೇಳುವುದು ದಯೆಯಲ್ಲ, ಸುಳ್ಳು. ಆದರೆ ಆ ‘ಇಲ್ಲ’ವೂ ಆ ಒಂದು ಶಕ್ತಿಯನ್ನು ಕುರಿತದ್ದು, ಆ ಮನುಷ್ಯನನ್ನು ಕುರಿತದ್ದಲ್ಲ. ಪಾಕ್ಸ್-ಒಂದನ್ನು ಕಳೆದುಕೊಂಡ ಯೀಸ್ಟ್ ಎಣ್ಣೆಯಲ್ಲಿ ಬದುಕಲಾರದು. ಸಕ್ಕರೆಯನ್ನು ಕೊಟ್ಟರೆ ಎಲ್ಲರಂತೆ ಬೆಳೆಯುವುದು. ಅದನ್ನು ಎಣ್ಣೆಯ ತಟ್ಟೆಯಲ್ಲಿಯೇ ಇಟ್ಟುಕೊಂಡು ದೂಷಿಸುವುದರಿಂದ ಯಾರಿಗೂ ಪ್ರಯೋಜನವಿಲ್ಲ. ಗಣಿತವು ಬಾರದ ಮಗುವಿಗೆ ಬರತಕ್ಕದ್ದು ಯಾವುದೆಂದು ಹುಡುಕುವ ಹೊಣೆಯು ‘ಗಣಿತವು ಬಾರದು’ ಎಂದು ತೀರ್ಮಾನಿಸಿದವನದೇ ಆಗುವುದು. ‘ಇಲ್ಲ’ವೆನ್ನುವ ಅಧಿಕಾರವನ್ನು ಪಡೆದವನು ಆ ಹೊಣೆಯನ್ನೂ ಅದರೊಡನೆಯೇ ಪಡೆದಿರುವನು.

ಆದುದರಿಂದ ಒಬ್ಬರನ್ನು ಕುರಿತು ‘ಇಲ್ಲ’ವೆಂದು ನುಡಿಯುವ ಮೊದಲು ಮನೆಯಲ್ಲಾಗಲಿ ಶಾಲೆಯಲ್ಲಾಗಲಿ ಕೇಳಿಕೊಳ್ಳತಕ್ಕ ಪ್ರಶ್ನೆಗಳು ಇಷ್ಟೇ: ಏನು ಇಲ್ಲವೆನ್ನುತ್ತಿರುವುದು? ಇದ್ದಿದ್ದರೆ ಇಲ್ಲಿ, ಈ ಸ್ಥಿತಿಯಲ್ಲಿ, ಅದು ಕಾಣುತ್ತಿದ್ದಿತೆ? ಕಾಣುವುದಕ್ಕೆ ಬೇಕಾದಷ್ಟು ಕಾಲವನ್ನು ಕೊಟ್ಟಿದೆಯೆ? ಕಾಣದಂತೆ ಮಾಡಿರುವವರು ಕೇಳುವವರೇ ಅಲ್ಲವಷ್ಟೆ? ಈ ನಾಲ್ಕಕ್ಕೂ ಸಮರ್ಪಕವಾದ ಉತ್ತರವು ಸಿಕ್ಕುವವರೆಗೆ ‘ಇನ್ನೂ ಕಾಣಲಿಲ್ಲ’ವೆಂದಷ್ಟೇ ಹೇಳುವುದು ಸತ್ಯಕ್ಕೂ ಸಮ್ಮತ, ಧರ್ಮಕ್ಕೂ ಸಮ್ಮತ.